ಓತಿಕ್ಯಾತಕ್ಕೆ ಬಂಡೆಯೇ ಸಾಕ್ಷಿ

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪಿಲ್ಲಗುಂಪೆಗೆ ಹೋಗಿದ್ದೆ. ಹೊಸಕೋಟೆ ಕಡೆಯವರಿಗೆ ಈ ಹೆಸರು ಈಗ ಊರಾಗಿ ಎಷ್ಟು ಗೊತ್ತೋ ಅದಕ್ಕಿಂತ ಹೆಚ್ಚು ಕೈಗಾರಿಕಾ ಪ್ರದೇಶವಾಗಿ ಗೊತ್ತು. ಗೆಳೆಯನೊಬ್ಬ ಅಲ್ಲಿ ಕೆಲಸಕ್ಕಿದ್ದಾನೆ. ಅವನ ಶಿಫ್ಟ್ ಮುಗಿಯಲಿ ಎಂದು ಟೀ ಅಂಗಡಿ ನೆರಳಲ್ಲಿ ಕಾಯುತ್ತಿದ್ದೆ. ಎದುರಿನ ಕಾಂಪೌಂಡಿನ ಕಲ್ಲಿನ ಮೇಲೆ ಒಂದು ಗಂಡು ಓತಿಕ್ಯಾತ ಕೂತಿತ್ತು. ಮೈಯ ಪಕ್ಕ ಕಪ್ಪು, ಬೆನ್ನ ಮೇಲೆ ಕಿತ್ತಳೆ ಪಟ್ಟೆ. ತಲೆ ಎತ್ತಿ ಇಳಿಸಿ, ಎತ್ತಿ ಇಳಿಸಿ ಬಸ್ಕಿ ಹೊಡೆಯುತ್ತಿತ್ತು. ಚಿಕ್ಕವರಿದ್ದಾಗ ನಾವು ಇದಕ್ಕೇ ಕಲ್ಲು ಹೊಡೆಯುತ್ತಿದ್ದೆವು. ಅದು ನಮ್ಮನ್ನು ಅಣಕಿಸುತ್ತದೆ ಅಂತ ನಮಗೆ ಯಾರೋ ಹೇಳಿದ್ದರು.

ಅದರ ಹಿಂದೆ, ಖಾಲಿ ನಿವೇಶನದಲ್ಲಿ, ಜೆಸಿಬಿ ಒಂದು ಹಾಸುಬಂಡೆಯ ಅಂಚನ್ನು ಕೆದಕುತ್ತಿತ್ತು. ಟೀ ಕುಡಿಯಲು ಬಂದ ಚಾಲಕನಿಗೆ ಓತಿಕ್ಯಾತ ತೋರಿಸಿ, "ಬಂಡೆ ಹೋದರೆ ಇದೇನು ಮಾಡುತ್ತೆ?" ಅಂದೆ. ಆತ ನಕ್ಕ. "ಅವಕ್ಕೇನಣ್ಣ, ಇಲ್ಲಿಲ್ಲಾಂದ್ರೆ ಅಲ್ಲಿ. ಹೊಂದ್ಕೊಂಡ್ ಹೋಯ್ತವೆ ಬಿಡಿ."

ಆ ಚಾಲಕನ ಮೇಲೆ ನನಗೆ ಸಿಟ್ಟಿಲ್ಲ. ಅದೇ ಮಾತನ್ನು ನಾನೂ ಬರೆದಿದ್ದೇನೆ. ಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದ್ದಾಗ ಕಲ್ಲು ಗಣಿಯ ಬಗ್ಗೆ ಒಂದು ವರದಿ ಮಾಡಿದ್ದೆ. ಧೂಳು, ಮನೆ ಗೋಡೆ ಬಿರುಕು, ಬೋರ್‌ವೆಲ್ ಎಲ್ಲ ಬರೆದು, ಪ್ರಾಣಿಗಳ ಬಗ್ಗೆ ಮಾತ್ರ ಒಂದೇ ಸಾಲು ಹಾಕಿದ್ದೆ: ಅವು ಬೇರೆ ಕಡೆಗೆ ಹೋಗಿ ಹೊಂದಿಕೊಳ್ಳುತ್ತವೆ. ಯಾರನ್ನೂ ಕೇಳಿರಲಿಲ್ಲ. ಸಂಪಾದಕರೂ ನನ್ನನ್ನು ಕೇಳಲಿಲ್ಲ. ಎಲ್ಲರೂ ನಿಜ ಎಂದುಕೊಂಡಿರುವ ಮಾತಿಗೆ ಯಾರೂ ಆಧಾರ ಕೇಳುವುದಿಲ್ಲ.

ಈ "ಹೊಂದಿಕೊಳ್ಳುತ್ತವೆ" ಎನ್ನುವ ಪದದ ಬಗ್ಗೆಯೇ ನನ್ನ ತಕರಾರು. ಪದ ಸುಳ್ಳಲ್ಲ. ಪ್ರಾಣಿಗಳು ಪರಿಸರಕ್ಕೆ ಹೊಂದಿಕೊಂಡೇ ಇವತ್ತಿನ ರೂಪಕ್ಕೆ ಬಂದಿವೆ. ಆದರೆ ಅದಕ್ಕೆ ಎಷ್ಟು ಕಾಲ ಹಿಡಿಯಿತು, ಎಷ್ಟು ಜೀವ ಹೋಯಿತು ಎಂಬ ಲೆಕ್ಕ ಬಿಟ್ಟು ಬರೀ ಫಲಿತಾಂಶ ಹೇಳಿದರೆ ಅದು ಸುಳ್ಳಿನಷ್ಟೇ ಕೆಲಸ ಮಾಡುತ್ತದೆ.

ಮೊದಲು ಓತಿಕ್ಯಾತವನ್ನೇ ನೋಡೋಣ. ತೇಜಸ್ವಿಯವರ "ಕರ್ವಾಲೋ" 1980ರಲ್ಲಿ ಬಂದ ಮೇಲೆ ಕನ್ನಡ ಓದುವವರಿಗೆ ಓತಿ ಎಂದ ಕೂಡಲೇ ನೆನಪಾಗುವುದು ಹಾರುವ ಓತಿ. ಅದು ಪಶ್ಚಿಮ ಘಟ್ಟದ್ದು. ಎತ್ತರದ ಮರಗಳ ನಡುವೆ ಬದುಕುವ ಜೀವಿಗೆ ಪ್ರತಿ ಸಲ ನೆಲಕ್ಕಿಳಿದು ಇನ್ನೊಂದು ಮರ ಹತ್ತುವುದು ಅಪಾಯದ ಕೆಲಸ, ಶಕ್ತಿಯೂ ಖರ್ಚು. ಅದರ ಪಕ್ಕೆಲುಬುಗಳು ಉದ್ದವಾಗಿ ಹೊರಚಾಚಿ, ಚರ್ಮ ಹೊದ್ದು, ಕೊಡೆಯಂತೆ ಬಿಚ್ಚಿಕೊಳ್ಳುತ್ತವೆ. ಮರದಿಂದ ಮರಕ್ಕೆ ತೇಲಿಕೊಂಡು ಹೋಗುತ್ತದೆ.

ಪಿಲ್ಲಗುಂಪೆಯ ಕಾಂಪೌಂಡಿನ ಮೇಲೆ ಕೂತಿದ್ದದ್ದು ಅದೇ ಕುಟುಂಬದ ದಾಯಾದಿ. ಇದು ಬಂಡೆ ಓತಿ. ಇದರ ಪಾಲಿಗೆ ಬಂದದ್ದು ಮರವಲ್ಲ, ಬಯಲುಸೀಮೆಯ ಬರಿ ಕಲ್ಲು. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕಲ್ಲು ಸುಮಾರು 300 ಕೋಟಿ ವರ್ಷ ಹಳೆಯದು ಎನ್ನುತ್ತಾರೆ ಭೂವಿಜ್ಞಾನಿಗಳು. ಅದರ ಮೇಲೆ ಬದುಕುವುದು ಸುಲಭವಲ್ಲ. ಮಧ್ಯಾಹ್ನ ಬರಿಗಾಲು ಇಡಲಾಗದಷ್ಟು ಕಾವು, ಮರೆಯಾಗಲು ಎಲೆ ಇಲ್ಲ, ಮೇಲಿಂದ ಗಿಡುಗ ನೋಡುತ್ತಿರುತ್ತದೆ. ಹಾಗಾಗಿ ಇದರ ಮೈ ಚಪ್ಪಟೆ, ಕಲ್ಲಿನ ಸಂದಿಗೆ ನುಸುಳಿಕೊಳ್ಳಲು ಸರಿ. ಕಾಲು ಗಟ್ಟಿ, ಉಗುರು ಚೂಪು. ಹೆಣ್ಣು ಕಲ್ಲಿನ ಬಣ್ಣದ್ದೇ, ಹತ್ತಿರ ಹೋದರೂ ಕಾಣುವುದಿಲ್ಲ.

ಗಂಡಿನ ಕಥೆ ಬೇರೆ. ಅದಕ್ಕೆ ಎರಡು ಒತ್ತಡ ಒಟ್ಟಿಗೆ. ಹೆಣ್ಣಿಗೆ ಕಾಣಬೇಕು, ಗಿಡುಗಕ್ಕೆ ಕಾಣಬಾರದು. ಹೆಚ್ಚು ಬಣ್ಣ ಇದ್ದರೆ ಸಾವು ಬೇಗ, ಕಡಿಮೆ ಇದ್ದರೆ ಸಂತಾನ ಇಲ್ಲ. ಇದಕ್ಕೆ ಸಿಕ್ಕ ಉತ್ತರವೆಂದರೆ ಬೇಕಾದಾಗ ಬಣ್ಣ ಹಚ್ಚಿ, ಬೇಡವಾದಾಗ ಇಳಿಸುವುದು. ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಅನುರಾಧಾ ಬಟಬ್ಯಾಲ್ ಈ ಬಣ್ಣದ ಆಟವನ್ನು ಅಳತೆ ಮಾಡಿ ನೋಡಿದ್ದಾರೆ. ಹೆಣ್ಣಿನ ಮುಂದೆ ಗಂಡಿನ ಬಣ್ಣಗಳು ಒಂದಕ್ಕೊಂದು ಎದ್ದು ಕಾಣುವಂತೆ ಬದಲಾಗುತ್ತವೆ. ಇನ್ನೊಂದು ಗಂಡಿನ ಎದುರು ಬಣ್ಣಕ್ಕಿಂತ ವೇಗ ಮುಖ್ಯ, ಬೇಗ ಬದಲಾಗುತ್ತದೆ. ನಾವು ಅಣಕ ಎಂದುಕೊಂಡು ಕಲ್ಲು ಹೊಡೆದದ್ದು ಇದಕ್ಕೆ. ಅದು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ.

ಇನ್ನೂ ಇಬ್ಬರು ದಾಯಾದಿಗಳಿದ್ದಾರೆ. ಬೇಲಿಯ ಓತಿಕ್ಯಾತ, ಗಿಡದ ರೆಂಬೆ ಹಿಡಿಯಲು ಉದ್ದ ಬೆರಳು, ಎರಡು ಪಕ್ಕದಿಂದ ಒತ್ತಿದಂತಹ ಮೈ, ಸಮತೋಲಕ್ಕೆ ದೇಹಕ್ಕಿಂತ ಉದ್ದದ ಬಾಲ. ಬಯಲಿನ ಓತಿ, ಬರಿ ನೆಲದಲ್ಲಿ ಓಡಲು ಉದ್ದ ಹಿಂಗಾಲು, ದೂರದ ಹೆಣ್ಣಿಗೆ ಕಾಣಲೆಂದು ಗಂಟಲಲ್ಲಿ ಬೀಸಣಿಗೆ. ಮರ, ಬಂಡೆ, ಬೇಲಿ, ಬಯಲು. ಒಂದೇ ಕುಟುಂಬ, ನಾಲ್ಕು ಬಗೆಯ ಬಡತನ, ನಾಲ್ಕು ಬಗೆಯ ಮೈ. "ಓತಿಕ್ಯಾತಕ್ಕೆ ಬೇಲಿ ಸಾಕ್ಷಿ" ಎಂಬ ಗಾದೆಯನ್ನು ನಾವು ಕಳ್ಳನಿಗೆ ಕಳ್ಳ ಸಾಕ್ಷಿ ಎನ್ನುವ ಅರ್ಥದಲ್ಲಿ ಬಳಸುತ್ತೇವೆ. ಈ ವಿಷಯದಲ್ಲಿ ಮಾತ್ರ ಅದು ಅಕ್ಷರಶಃ ನಿಜ. ಈ ಮೈ ಯಾಕೆ ಹೀಗಿದೆ ಎಂದು ಕೇಳಿದರೆ ಸಾಕ್ಷಿ ಹೇಳಬೇಕಾದದ್ದು ಅದು ಕೂತಿರುವ ಜಾಗವೇ.

ಈಗ ಮುಖ್ಯ ಪ್ರಶ್ನೆ. ಈ ಮೈ ಬಂದದ್ದು ಹೇಗೆ? ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿ ಇರುವುದು ಹಳೆಯ ಜಿರಾಫೆ ಕಥೆ. ಎಲೆ ಎತ್ತರದಲ್ಲಿತ್ತು, ಜಿರಾಫೆ ಕತ್ತು ಚಾಚಿತು, ಕತ್ತು ಉದ್ದವಾಯಿತು, ಮರಿಗೂ ಬಂತು. ಇದು ತಪ್ಪು ಎಂದು ಗೊತ್ತಿದ್ದವರೂ ಮಾತಾಡುವಾಗ ಹೀಗೇ ಮಾತಾಡುತ್ತಾರೆ. "ಹೊಂದ್ಕೊಂಡ್ ಹೋಯ್ತವೆ" ಎಂಬುದರ ಹಿಂದೆ ಇರುವುದು ಇದೇ ಜಿರಾಫೆ. ಕಷ್ಟ ಬಂದರೆ ಪ್ರಾಣಿ ಪ್ರಯತ್ನಪಡುತ್ತದೆ, ಪ್ರಯತ್ನಪಟ್ಟರೆ ಬದಲಾಗುತ್ತದೆ ಎಂಬ ನಂಬಿಕೆ.

ನಿಜಕ್ಕೂ ಏನಾಗುತ್ತದೆ ಎನ್ನುವುದನ್ನು ಕಣ್ಣಾರೆ ನೋಡಿ ಬರೆದವರು ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ. 1973ರಿಂದ ಗ್ಯಾಲಪಗೋಸ್‌ನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಫಿಂಚ್ ಹಕ್ಕಿಗಳಿಗೆ ಉಂಗುರ ತೊಡಿಸಿ, ಕೊಕ್ಕು ಅಳೆದು, ಯಾವುದು ಬದುಕಿತು ಯಾವುದು ಸತ್ತಿತು ಎಂದು ಲೆಕ್ಕ ಇಟ್ಟರು. 1977ರಲ್ಲಿ ಅಲ್ಲಿ ಬರ ಬಂತು. ಸಣ್ಣ ಬೀಜಗಳು ಮುಗಿದವು. ಉಳಿದದ್ದು ಗಟ್ಟಿ ಚಿಪ್ಪಿನ ದೊಡ್ಡ ಬೀಜ. ಅದರಲ್ಲಿ ಮುಖ್ಯವಾದದ್ದು ನಮ್ಮ ಹೊಲದ ನೆಗ್ಗಿಲ ಮುಳ್ಳಿನ ಹತ್ತಿರದ ಸಂಬಂಧಿ. ನೆಗ್ಗಿಲು ತುಳಿದವರಿಗೆ ಅದು ಎಷ್ಟು ಗಟ್ಟಿ ಎಂದು ಹೇಳಬೇಕಿಲ್ಲ. ಅದನ್ನು ಒಡೆಯಲು ದಪ್ಪ ಕೊಕ್ಕು ಬೇಕಿತ್ತು. ಬರ ಮುಗಿದ ಮೇಲೆ ಹುಟ್ಟಿದ ಮರಿಗಳ ಕೊಕ್ಕು ಸರಾಸರಿಯಲ್ಲಿ ಹಿಂದಿನವಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಇತ್ತು.

ಹೊಂದಿಕೊಂಡವು, ಅಲ್ಲವೇ? ಈಗ ಇನ್ನೊಂದು ಲೆಕ್ಕ ನೋಡಿ. ಬರಕ್ಕೆ ಮುಂಚೆ ಆ ಜಾತಿಯ ಹಕ್ಕಿಗಳು ಸುಮಾರು 1,200 ಇದ್ದವು. ಬರದ ನಂತರ ಉಳಿದದ್ದು ಸುಮಾರು 180. ಯಾವ ಹಕ್ಕಿಯ ಕೊಕ್ಕೂ ದಪ್ಪ ಆಗಲಿಲ್ಲ. ಸಣ್ಣ ಕೊಕ್ಕಿನವು ಹೆಚ್ಚಾಗಿ ಸತ್ತವು, ದಪ್ಪ ಕೊಕ್ಕಿನವು ಕೆಲವು ಉಳಿದು ಮರಿ ಮಾಡಿದವು. ಅರ್ಧ ಮಿಲಿಮೀಟರಿಗೆ ತೆತ್ತ ಬೆಲೆ ನೂರಕ್ಕೆ 85 ಹಕ್ಕಿ. ಕೆಲವು ವರ್ಷಗಳ ನಂತರ ಭಾರಿ ಮಳೆ ಬಂದು ಸಣ್ಣ ಬೀಜ ತುಂಬಿದಾಗ ಲೆಕ್ಕ ತಿರುಗಿತು, ಸಣ್ಣ ಕೊಕ್ಕಿನವಕ್ಕೆ ಅನುಕೂಲವಾಯಿತು.

ನಾನು ಇದನ್ನು ಓದಿದ ದಿನ ನನ್ನ ಹಳೆಯ ವರದಿಯ ಆ ಸಾಲು ನೆನಪಾಯಿತು. ಹೊಂದಿಕೊಳ್ಳುವುದು ಒಂದು ಓತಿಕ್ಯಾತ ಮಾಡುವ ಕೆಲಸ ಅಲ್ಲ. ಸಾವಿರಾರು ಓತಿಕ್ಯಾತಗಳು ಸತ್ತ ಮೇಲೆ, ಉಳಿದವು ಇದ್ದರೆ, ಅವುಗಳ ಮೊಮ್ಮಕ್ಕಳನ್ನು ನೋಡಿ ನಾವು ಹೇಳುವ ಮಾತು. ಉಳಿದವೇ ಇಲ್ಲದಿದ್ದರೆ ಹೇಳಲು ಯಾವ ಮಾತೂ ಇಲ್ಲ.

ಇದಕ್ಕೊಂದು ಒಳ್ಳೆಯ ಪ್ರಶ್ನೆ ಬರುತ್ತದೆ. ಕಾಂಪೌಂಡಿನ ಮೇಲೆ ಓತಿಕ್ಯಾತ ಇತ್ತಲ್ಲ, ಹಾಗಾದರೆ ಅದು ಬದುಕುತ್ತಿದೆ ತಾನೆ? ಹೌದು. ಇದು ಅಳಿವಿನಂಚಿನ ಪ್ರಾಣಿಯೂ ಅಲ್ಲ, ದಕ್ಷಿಣ ಭಾರತದ ಬಂಡೆಗಳಲ್ಲಿ ಸಾಕಷ್ಟಿದೆ. ಅದೇ ವಿಜ್ಞಾನ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಈ ಪ್ರಶ್ನೆಗೆ ಹತ್ತಿರದ್ದು. ಹಳ್ಳಿ ಕಡೆಯ ಬಂಡೆಗಳಿಂದಲೂ ನಗರದ ಅಂಚಿನಿಂದಲೂ ಗಂಡು ಓತಿಗಳನ್ನು ತಂದು, ಎರಡು ಅಡಗುದಾಣಗಳಲ್ಲಿ ಸುರಕ್ಷಿತವಾದದ್ದು ಯಾವುದು ಎಂದು ಕಲಿಯಲು ಬಿಟ್ಟರು. ನಗರದ ಅಂಚಿನವು ಬೇಗ ಕಲಿತವು, ತಪ್ಪೂ ಕಡಿಮೆ ಮಾಡಿದವು.

ಇದನ್ನು ಓದಿ ಖುಷಿಯಾಯಿತು. ಆದರೆ ಇದರಿಂದ ಏನು ತಿಳಿಯಬೇಕು ಎಂಬಲ್ಲಿ ಎಚ್ಚರ ಬೇಕು. ಅವು ಕಲಿತದ್ದು ಎಲ್ಲಿ ಅಡಗಬೇಕು ಎಂಬುದನ್ನು. ಅಡಗಲು ಸಂದಿ ಇದ್ದರೆ ತಾನೆ ಆ ಪಾಠ? ಒಂದು ಓತಿ ತನ್ನ ಜೀವಮಾನದಲ್ಲಿ ಕಲಿತದ್ದು ಅದರ ಮೊಟ್ಟೆಯೊಳಗೆ ಹೋಗುವುದಿಲ್ಲ. ಹಳೆಯ ಕಲ್ಲು ಜೋಡಿಸಿ ಕಟ್ಟಿದ ಗೋಡೆಯಲ್ಲಿ ಸಂದಿ ಇರುತ್ತದೆ, ಅದು ಬಂಡೆಯ ತಮ್ಮನಂತೆ. ಈಗ ಬರುತ್ತಿರುವ ಕಾಂಕ್ರೀಟ್ ಅಚ್ಚಿನ ಗೋಡೆಗಳಲ್ಲಿ ಬೆರಳು ತೂರುವ ಜಾಗವೂ ಇಲ್ಲ. ಮೊಟ್ಟೆ ಇಡಲು ಮೆತ್ತನೆ ಮಣ್ಣು ಬೇಕು, ಅದರ ಮೇಲೆ ಇಂಟರ್‌ಲಾಕ್ ಇಟ್ಟಿಗೆ ಬಿದ್ದಿದೆ.

ಹಾಗೆ ನೋಡಿದರೆ ಎಲ್ಲಕ್ಕೂ ಹೊಂದಿಕೊಳ್ಳುವ ಪ್ರಾಣಿಗಳು ನಮ್ಮ ಸುತ್ತ ಇದ್ದೇ ಇವೆ. ಕಾಗೆ, ಪಾರಿವಾಳ, ಹೆಗ್ಗಣ, ಬೀದಿನಾಯಿ. ಹೊಸಕೋಟೆ ತಾಲ್ಲೂಕಿನಲ್ಲಿ ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಹೊಂಡಗಳ ಮೇಲೆ ಅಧಿಕಾರಿಗಳ ದಾಳಿ ನಮಗೆ ಹಳೆಯ ಸುದ್ದಿ. ಆಫ್ರಿಕಾದ ಬತ್ತುವ ಹೊಂಡಗಳಲ್ಲಿ ಬೆಳೆದು ಬಂದ ಮೀನು ಅದು. ನೀರು ಕೆಟ್ಟರೆ ಮೇಲೆ ಬಂದು ಗಾಳಿ ಉಸಿರಾಡುತ್ತದೆ, ಸಿಕ್ಕಿದ್ದೆಲ್ಲ ತಿನ್ನುತ್ತದೆ. ಆ ಗುಣವೇ ನಮ್ಮ ಕೆರೆಗಳಿಗೆ ಶಾಪವಾಯಿತು. ಅಂದರೆ ಪರಿಸರವನ್ನು ಏನು ಮಾಡಿದರೂ ಯಾವುದೋ ಪ್ರಾಣಿ ಹೊಂದಿಕೊಳ್ಳುತ್ತದೆ ಎಂಬುದು ನಿಜ. ಆದರೆ ಅದು ನಾವು ಕಳೆದುಕೊಂಡ ಪ್ರಾಣಿ ಆಗಿರುವುದಿಲ್ಲ.

ಬಂಡೆಯಷ್ಟೇ ಅಲ್ಲ, ಬರವೂ ನಮ್ಮ ಕಡೆಯ ಪ್ರಾಣಿಗಳನ್ನು ತಿದ್ದಿದೆ. ಬೆಂಗಳೂರು ಗ್ರಾಮಾಂತರಕ್ಕೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿಯೂ ಮಳೆ ನಂಬಿದ ನದಿಯೇ. ತಿಂಗಳುಗಟ್ಟಲೆ ನೀರಿಲ್ಲದ ನೆಲದಲ್ಲಿ ಕಪ್ಪೆ ಏನು ಮಾಡಬೇಕು? ನಮ್ಮ ಹೊಲಗಳಲ್ಲಿ ಒಂದು ಜಾತಿಯ ಗುಂಡಗಿನ ಕಪ್ಪೆ ಇದೆ. ಹಿಂಗಾಲಿನ ಅಡಿಯಲ್ಲಿ ಸಲಿಕೆಯಂತಹ ಗಟ್ಟಿ ಉಬ್ಬು. ಅದರಿಂದ ಹಿಂದೆ ಹಿಂದೆ ಮಣ್ಣು ತೋಡಿಕೊಂಡು ನೆಲದೊಳಗೆ ಇಳಿದು, ಬೇಸಿಗೆಯೆಲ್ಲ ಅಲ್ಲೇ ಮಲಗಿರುತ್ತದೆ. ಮುಂಗಾರು ಬಿದ್ದ ರಾತ್ರಿ ಮೇಲೆ ಬಂದು ಕೂಗಿ, ಕೂಡಿ, ನಿಂತ ನೀರಿನಲ್ಲಿ ಮೊಟ್ಟೆ ಇಟ್ಟುಬಿಡುತ್ತದೆ. ಗುಂಡಿ ಬತ್ತುವುದರೊಳಗೆ ಮರಿ ಕಪ್ಪೆಯಾಗಿ ಹೊರಬರಬೇಕು. ತಡವಾದವು ಒಣಗಿ ಸಾಯುತ್ತವೆ. ಇಲ್ಲಿಯೂ ಅದೇ ಲೆಕ್ಕ.

2020ರಲ್ಲಿ ಈ ಗುಂಪಿನ ಒಂದು ಹೊಸ ಜಾತಿಯನ್ನು ವಿಜ್ಞಾನಿಗಳು ಗುರುತಿಸಿದರು. ಸಿಕ್ಕಿದ್ದು ಯಾವ ಅಭಯಾರಣ್ಯದಲ್ಲೂ ಅಲ್ಲ, ಬೆಂಗಳೂರಿನ ಉತ್ತರದ ಹೊರವಲಯದಲ್ಲಿ, ರಾಜಾನುಕುಂಟೆ ಕಡೆಯ ಪಾಳು ನೆಲದಲ್ಲಿ. ಹೆಸರೂ ಅದಕ್ಕೆ ತಕ್ಕಂತೆ: ಸ್ಫೀರೋಥೀಕ ಬೆಂಗಳೂರು. ವಿಜ್ಞಾನಕ್ಕೆ ಈಗಷ್ಟೇ ಪರಿಚಯವಾದ ಕಪ್ಪೆಯೊಂದು ನಿವೇಶನಗಳಿಗೆ ಗುರುತು ಹಾಕುವ ನೆಲದಲ್ಲಿ ಮಲಗಿದೆ ಅಂದರೆ, ಇನ್ನೂ ಹೆಸರಿಡದವು ಯಾವ ಜೆಸಿಬಿಯ ಬಾಯಿಗೆ ಹೋದವೋ ಯಾರಿಗೆ ಗೊತ್ತು? ಬರವನ್ನು ಗೆದ್ದ ಪ್ರಾಣಿ ಅದು. ಆದರೆ ಒಣ ಮಣ್ಣಿನೊಳಗೆ ಬದುಕಲು ಕಲಿತ ಮೈ ಮಣ್ಣಿನ ಮೇಲೆ ಅರ್ಧ ಅಡಿ ಕಾಂಕ್ರೀಟ್ ಬಿದ್ದರೆ ಏನೂ ಮಾಡಲಾರದು. ಬೇಸಿಗೆಯಲ್ಲಿ ಕೆಲಸ ನಡೆದರೆ ಅದು ಓಡಿಹೋಗುವುದೂ ಇಲ್ಲ. ಒಳಗೆ ನಿದ್ದೆಯಲ್ಲಿರುತ್ತದೆ.

ಇದೆಲ್ಲ ಕಪ್ಪೆ ಓತಿಗಳ ವಿಷಯ, ನಮಗೇನು ಎನ್ನುವವರಿಗೆ ಕೊಟ್ಟಿಗೆಯ ಕಥೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ತಾತನ ಕಾಲದಲ್ಲಿ ಹಳ್ಳಿಕಾರ್ ಜೋಡಿ ಇತ್ತು. ಈಗ ಎರಡು ಮಿಶ್ರತಳಿ ಎಚ್‌ಎಫ್ ಹಸು. ಹಳ್ಳಿಕಾರ್ ಹಸುವನ್ನು ರೂಪಿಸಿದ್ದು ಬಯಲುಸೀಮೆಯ ಬಿಸಿಲು, ಒಣ ಹುಲ್ಲು, ಜೊತೆಗೆ ನಮ್ಮ ಹಿರಿಯರ ಆಯ್ಕೆ. ದುಡಿಯುವ, ದೂರ ನಡೆಯುವ, ಕಡಿಮೆ ತಿಂದು ತಡೆಯುವ ಎತ್ತು ಬೇಕಿತ್ತು, ಅಂಥದ್ದನ್ನೇ ಉಳಿಸಿಕೊಂಡು ಬಂದರು. ಮೈಸೂರು ಸಂಸ್ಥಾನದ ಹೆಸರಾಂತ ಅಮೃತ್ ಮಹಲ್ ತಳಿಯ ಮೂಲವೂ ಹಳ್ಳಿಕಾರ್ ಎನ್ನುತ್ತಾರೆ. ನಯವಾದ ಸಣ್ಣ ಕೂದಲು, ಕಾವು ಹೊರಬಿಡುವ ಚರ್ಮ, ಮೈಯೊಳಗೆ ಕಡಿಮೆ ಕಾವು. ಇದರ ಬೆಲೆಯೇ ಕಡಿಮೆ ಹಾಲು. ಹಾಲು ಮಾಡುವುದೆಂದರೆ ಹೆಚ್ಚು ತಿನ್ನುವುದು, ಹೆಚ್ಚು ತಿಂದರೆ ಮೈಯಲ್ಲಿ ಹೆಚ್ಚು ಕಾವು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಎಚ್‌ಎಫ್ ಮೂಲ ಹಾಲೆಂಡ್, ಉತ್ತರ ಜರ್ಮನಿಯ ತಂಪು ಹುಲ್ಲುಗಾವಲು. ಅಲ್ಲಿ ಕಾವು ಸಮಸ್ಯೆಯೇ ಅಲ್ಲ, ಹಾಗಾಗಿ ಆ ಮೈ ಹಾಲಿಗೆ ಮೀಸಲಾಯಿತು. ಏಪ್ರಿಲ್‌ನಲ್ಲಿ ನಮ್ಮ ಹಸು ಬಾಯಿ ತೆರೆದು ಏದುಸಿರು ಬಿಡುವಾಗ ಅಪ್ಪ ಮೋಟಾರ್ ಹಾಕಿ ಮೈಗೆ ನೀರು ಹೊಡೆಯುತ್ತಾರೆ. ಶೀಟಿನ ಕೊಟ್ಟಿಗೆಗೆ ಫ್ಯಾನ್ ಹಾಕಿದ್ದೇವೆ. ಡಾಕ್ಟರ್ ಖರ್ಚು ಬೇರೆ. ಹಾಲಿನ ದುಡ್ಡಿನಲ್ಲೇ ನಾನು ಕಾಲೇಜು ಓದಿದ್ದು, ಹಾಗಾಗಿ ಎಚ್‌ಎಫ್ ಬೈಯುವ ಹಕ್ಕು ನನಗಿಲ್ಲ, ಇಷ್ಟವೂ ಇಲ್ಲ. ಹೇಳುವುದಿಷ್ಟೇ: ಹಸು ಹೊಂದಿಕೊಂಡಿಲ್ಲ. ಹಾಲೆಂಡಿನ ಹವೆಯನ್ನು ಅಪ್ಪ ಕರೆಂಟ್ ಬಿಲ್ ಕಟ್ಟಿ ತರಿಸುತ್ತಿದ್ದಾರೆ. ಕಾಡಿನ ಪ್ರಾಣಿಯಾದರೆ ಈ ಬೆಲೆಯನ್ನು ಜೀವದಲ್ಲಿ ಕಟ್ಟುತ್ತದೆ. ಸಾಕಿದ ಪ್ರಾಣಿಯಾದರೆ ರೈತ ದುಡ್ಡಲ್ಲಿ ಕಟ್ಟುತ್ತಾನೆ. ಯಾರಾದರೂ ಕಟ್ಟಲೇಬೇಕು.

ವಿಕಾಸ ಎಂದರೆ ಮಂಗನಿಂದ ಮಾನವ ಎಂಬ ಒಂದೇ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. 2023ರಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ತೆಗೆದದ್ದು ಸುದ್ದಿಯಾದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ವಿರೋಧಿಸಿದರು. ಅದನ್ನು ನಾವು ದೆಹಲಿಯ ಜಗಳ ಎಂದು ಬಿಟ್ಟುಬಿಟ್ಟೆವು. ಹತ್ತನೇ ತರಗತಿಗೆ ಓದು ನಿಲ್ಲಿಸುವ, ಆಮೇಲೆ ವಿಜ್ಞಾನ ತೆಗೆದುಕೊಳ್ಳದ ಮಕ್ಕಳೇ ಹಳ್ಳಿಗಳಲ್ಲಿ ಹೆಚ್ಚು. ಜೆಸಿಬಿ ಓಡಿಸುವವರು, ಪಂಚಾಯಿತಿ ಸದಸ್ಯರಾಗುವವರು, ನನ್ನಂತೆ ವರದಿಗಾರರಾಗುವವರು ಅವರೇ. ಈ ಪಾಠ ಅವರಿಗೆ ಬೇಕಿರುವುದು ಪರೀಕ್ಷೆಗಲ್ಲ, ಬಂಡೆ ಒಡೆಯಬೇಕೋ ಬೇಡವೋ ಎಂದು ಕೂತು ಮಾತಾಡುವ ದಿನಕ್ಕೆ.

ಹಾಗಂತ ಕಾರ್ಖಾನೆ ಬೇಡ, ಮನೆ ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನ ಗೆಳೆಯನ ಸಂಬಳ ಪಿಲ್ಲಗುಂಪೆಯಿಂದಲೇ ಬರುತ್ತದೆ. ಕೇಳುವುದು ಮೂರೇ ಮಾತು.

ಒಂದು, ಪಹಣಿಯಲ್ಲಿ ಬಂಡೆಯನ್ನು "ಖರಾಬು" ಎಂದು ಬರೆಯುತ್ತೇವೆ. ಉಳುಮೆಗೆ ಬಾರದ್ದು ಎಂಬ ಅರ್ಥದಲ್ಲಿ ಅದು ಸರಿ. ಆದರೆ ಆ ಪದ ಕಾಗದದಿಂದ ನಮ್ಮ ತಲೆಗೆ ಇಳಿದು, ಅಲ್ಲಿ ಏನೂ ಇಲ್ಲ ಎಂಬ ಅರ್ಥ ಪಡೆದಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಅದರಲ್ಲಿ ಬಂಡೆ ಇದೆಯೇ, ಪಾಳು ಹೊಲ ಇದೆಯೇ ನೋಡಿ. ಇಲ್ಲದಿದ್ದರೆ ಬರೆಸಿ.

ಎರಡು, ಬಡಾವಣೆ ಮಾಡುವಾಗ ಪಾರ್ಕಿಗೆ ಜಾಗ ಬಿಡುತ್ತೇವೆ, ಅಲ್ಲಿ ಹುಲ್ಲು ಹಾಸಿಗೆ ತಂದು ಹಾಸುತ್ತೇವೆ. ಅದೇ ಜಾಗದಲ್ಲಿ ಇರುವ ಬಂಡೆಯನ್ನು ಹಾಗೇ ಬಿಡಲು ಯಾರಿಗೂ ನಷ್ಟವಿಲ್ಲ. ನೀರೂ ಬೇಡ, ಮಾಲಿಯೂ ಬೇಡ. ಮಕ್ಕಳು ಹತ್ತಿ ಜಾರಲಿ, ಓತಿಕ್ಯಾತ ಬಸ್ಕಿ ಹೊಡೆಯಲಿ.

ಮೂರನೆಯದು ನಮ್ಮಂಥ ಗ್ರಾಮೀಣ ಪತ್ರಿಕೋದ್ಯಮ ಓದಿದವರಿಗೆ. ಯಾರಾದರೂ "ಪ್ರಾಣಿಗಳು ಹೊಂದಿಕೊಳ್ಳುತ್ತವೆ" ಎಂದರೆ ಬರೆದುಕೊಂಡು ಬರಬೇಡಿ. ಯಾವ ಪ್ರಾಣಿ ಎಂದು ಕೇಳಿ. ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನಿದೆ, ಎಷ್ಟು ವರ್ಷದಲ್ಲಿ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಉತ್ತರ ಇಲ್ಲ ಎಂದೇ ವರದಿ ಬರೆಯಿರಿ. ನನ್ನ ಆ ಹಳೆಯ ಸಾಲನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ, ಅಚ್ಚಾಗಿ ಹೋಗಿದೆ. ಇನ್ನೊಂದು ಬರೆಯದೆ ಇರಬಹುದು.

ಅವತ್ತು ಗೆಳೆಯ ಬರುವ ಹೊತ್ತಿಗೆ ಜೆಸಿಬಿ ಸದ್ದು ನಿಂತಿತ್ತು. ಕಾಂಪೌಂಡಿನ ಮೇಲೆ ನೋಡಿದೆ. ಓತಿಕ್ಯಾತ ಬಣ್ಣ ಇಳಿಸಿಕೊಂಡು ಕಂದು ಆಗಿತ್ತು. ಎರಡು ಕಲ್ಲಿನ ನಡುವಿನ ಸಂದಿಯಲ್ಲಿ ಅರ್ಧ ಮೈ ತೂರಿಸಿಕೊಂಡಿತ್ತು. ಪಕ್ಕದ ಹೊಸ ಗೋಡೆಗೆ ಸಿಮೆಂಟ್ ಗಿಲಾವು ಮುಗಿದಿತ್ತು.